ಬೈಬಲ್ ಅಧ್ಯಯನಕ್ಕೆ ಇಳಿಯುವುದು ಹೇಗೆ: ಒಂದೇ ವಚನವನ್ನು ಹಿಡಿದು ಹೊರಟ ಸಮಗ್ರ ಮಾರ್ಗದರ್ಶಿ

ಆದಿ ಕ್ರೈಸ್ತ ಪ್ರಚಾರಕ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಸೇರಿರುವ ಪತ್ರಿಕೆಯ ಹದಿನಾರನೆಯ ಅಧ್ಯಾಯವನ್ನು ಹೆಚ್ಚಿನ ಓದುಗರು ಹಾರಿಸಿಬಿಡುತ್ತಾರೆ. ಅಲ್ಲಿರುವುದು ಬಹುಪಾಲು ಹೆಸರುಗಳ ಪಟ್ಟಿ: ಇವರಿಗೆ ವಂದನೆ, ಅವರಿಗೆ ವಂದನೆ. ಆ ಪಟ್ಟಿಯ ಏಳನೆಯ ವಚನದಲ್ಲಿ ಅಂದ್ರೋನಿಕನ ಜೊತೆಗೆ ಇನ್ನೊಂದು ಹೆಸರು ಬರುತ್ತದೆ. ನಿಮ್ಮ ಕೈಯಲ್ಲಿರುವ ಕನ್ನಡ ಬೈಬಲನ್ನು ತೆರೆದು ಆ ಹೆಸರಿಗೆ ಅಂಟಿಕೊಂಡಿರುವ ಪ್ರತ್ಯಯವನ್ನು ನೋಡಿ. 'ಯೂನ್ಯನಿಗೆ' ಎಂದಿದ್ದರೆ ಆ ವ್ಯಕ್ತಿ ಗಂಡಸು. 'ಯೂನ್ಯಳಿಗೆ' ಎಂದಿದ್ದರೆ ಹೆಂಗಸು. ಏಕವಚನದ ಇಂಥ ಪ್ರತ್ಯಯ ಹಾಕಿದ ಕನ್ನಡ ಅನುವಾದಕರು ಇಲ್ಲಿ ಒಂದು ಪಕ್ಷ ಹಿಡಿದಂತೆಯೇ. ಪೌಲನ ಪತ್ರಿಕೆಗಳ ಹಳೆಯ ಗ್ರೀಕ್ ಪ್ರತಿಗಳಲ್ಲಾದರೋ ಆ ಹೆಸರಿನ ಅಕ್ಷರಗಳು ಎರಡೂ ಓದಿಗೆ ಎಡೆಗೊಡುತ್ತವೆ.

ಬೈಬಲನ್ನು ಪ್ರಾರ್ಥನೆಗಾಗಿ ಓದುವುದು ಒಂದು ಕೆಲಸ, ವಿದ್ವತ್ತಿನ ಶಿಸ್ತಾಗಿ ಅಧ್ಯಯನ ಮಾಡುವುದು ಇನ್ನೊಂದು ಕೆಲಸ. ಎರಡನ್ನೂ ಮಾಡುವವರು ಬಹಳ ಜನರಿದ್ದಾರೆ, ಒಂದನ್ನು ಮಾತ್ರ ಮಾಡುವವರೂ ಇದ್ದಾರೆ. ಎರಡನೆಯದರಲ್ಲಿ ನಿಮ್ಮ ತೀರ್ಮಾನಕ್ಕೆ ನೀವು ಕೊಡುವ ಆಧಾರವನ್ನು ನಿಮ್ಮ ನಂಬಿಕೆಯನ್ನು ಒಪ್ಪದವರೂ ತೆಗೆದು ಪರೀಕ್ಷಿಸುವಂತಿರಬೇಕು. ಈ ಮಾರ್ಗದರ್ಶಿ ಆ ಎರಡನೆಯ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ, ಮುಖ್ಯವಾಗಿ ತಾವು ಕಂಡುಕೊಂಡದ್ದನ್ನು ಬರೆದು ಇತರರಿಗೆ ತಲುಪಿಸಬೇಕೆಂದಿರುವವರಿಗೆ. 'ಇದನ್ನು ಹೇಳುತ್ತಿರುವವರು ಯಾರು, ಆ ಕೋಣೆಯೊಳಗೆ ಯಾರಿಗೆ ಪ್ರವೇಶವಿರಲಿಲ್ಲ' ಎಂಬ ಪ್ರಶ್ನೆಯನ್ನು ಎಷ್ಟೋ ಪರಿಚಯ ಗ್ರಂಥಗಳು ಕೊನೆಯ ಅಧ್ಯಾಯಕ್ಕೆ ತಳ್ಳುತ್ತವೆ. ನನ್ನ ಅನುಭವದಲ್ಲಿ ಆ ಪ್ರಶ್ನೆ ಪ್ರತಿ ಹಂತದಲ್ಲೂ ಬೇಕಾಗುತ್ತದೆ. ಏಕೆಂದರೆ ಗ್ರೀಕಿನ ಒಂದು ಸ್ವರಚಿಹ್ನೆಯನ್ನು (ಉಚ್ಚಾರದ ಒತ್ತು ಎಲ್ಲಿ ಬೀಳುತ್ತದೆಂದು ತೋರಿಸುವ ಗುರುತನ್ನು) ಎಲ್ಲಿ ಇಡಬೇಕೆಂಬ ಶುದ್ಧ ತಾಂತ್ರಿಕ ವಿಷಯವೂ ಕೇಳುವವರು ಬದಲಾದಾಗಲೇ ಬದಲಾದದ್ದುಂಟು. ಯೂನ್ಯ ಎಂಬ ಹೆಸರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೊರಡೋಣ.

ಮೊದಲ ಹಂತ: ಚಿಕ್ಕ ಭಾಗವನ್ನು ಆರಿಸಿ, ಪ್ರಶ್ನೆಯನ್ನು ಬರೆದಿಡಿ

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ 'ಬೈಬಲಿನಲ್ಲಿ ಮಹಿಳೆ', 'ಬೈಬಲ್ ಮತ್ತು ಇತಿಹಾಸ' ಎಂಬಂಥ ವಿಷಯಗಳಿಂದ ಹೊರಡುವುದು. ಬೈಬಲ್ ಒಂದು ಪುಸ್ತಕವಲ್ಲ, ಒಂದು ಗ್ರಂಥಾಲಯ. ಅದರ ಕಪಾಟಿನಲ್ಲಿ ಎಷ್ಟು ಗ್ರಂಥಗಳಿವೆ ಎಂಬುದರಲ್ಲೇ ಒಮ್ಮತವಿಲ್ಲ: ಯಹೂದ್ಯರ ಎಣಿಕೆಯಲ್ಲಿ ಹೀಬ್ರೂ ಗ್ರಂಥಗಳು 24, ಅವೇ ಗ್ರಂಥಗಳನ್ನು ಬೇರೆ ರೀತಿ ವಿಂಗಡಿಸಿದ ಪ್ರೊಟೆಸ್ಟೆಂಟರ ಹಳೆಯ ಒಡಂಬಡಿಕೆಯಲ್ಲಿ 39, ಇನ್ನೂ ಕೆಲವು ಗ್ರಂಥಗಳು ಸೇರಿರುವ ಕ್ಯಾಥೊಲಿಕರದರಲ್ಲಿ 46. ಹೀಗಿರುವಾಗ 'ಬೈಬಲ್ ಏನು ಹೇಳುತ್ತದೆ' ಎಂದು ಕೇಳುವ ಮೊದಲೇ ಯಾರ ಬೈಬಲ್ ಎಂದು ಕೇಳಬೇಕಾಗುತ್ತದೆ.

ಆದ್ದರಿಂದ ಹತ್ತು ಹದಿನೈದು ವಚನಗಳನ್ನು ಮೀರದ ಭಾಗವನ್ನು ಆರಿಸಿ. ನಿಮ್ಮ ಪ್ರಶ್ನೆ ಯಾವ ಜಾತಿಯದು ಎಂಬುದನ್ನೂ ಗುರುತಿಸಿಕೊಳ್ಳಿ. ಪದಗಳು ಯಾವುವು ಎಂಬುದು ಪಾಠದ ಪ್ರಶ್ನೆ, ಅವುಗಳ ಅರ್ಥವೇನು ಎಂಬುದು ಭಾಷೆಯ ಪ್ರಶ್ನೆ, ಬರೆದ ಕಾಲದಲ್ಲಿ ಏನು ನಡೆದಿತ್ತು ಎಂಬುದು ಇತಿಹಾಸದ ಪ್ರಶ್ನೆ, ಮುಂದಿನ ತಲೆಮಾರುಗಳು ಅದನ್ನು ಹೇಗೆ ಓದಿದವು ಎಂಬುದು ಸ್ವೀಕಾರದ ಪ್ರಶ್ನೆ. ಇವನ್ನು ಒಂದರೊಳಗೊಂದು ಕಲಸಿದರೆ ಯಾವುದಕ್ಕೂ ಉತ್ತರ ಸಿಗದು.

ಎರಡನೆಯ ಹಂತ: ವ್ಯಾಖ್ಯಾನಕ್ಕೆ ಮೊದಲು ಅನುವಾದಗಳು

ಕನಿಷ್ಠ ಮೂರು ನಾಲ್ಕು ಅನುವಾದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಅವು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಗುರುತು ಹಾಕಿ. ಅವು ಬೇರೆಯಾಗುವ ಕಡೆಯಲ್ಲೇ ಸಾಮಾನ್ಯವಾಗಿ ಮೂಲದಲ್ಲಿ ಒಂದು ತೊಡಕಿರುತ್ತದೆ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಅನುವಾದ ರೋಮ 16:7ರಲ್ಲಿ 'ಜೂನಿಯಾ' ಎಂದು ಹೆಣ್ಣಿನ ಹೆಸರನ್ನು ಕೊಡುತ್ತದೆ. 1946ರಲ್ಲಿ ಬಂದ ಪರಿಷ್ಕೃತ ಅನುವಾದದಲ್ಲಿ ಆ ಇಬ್ಬರೂ 'ಅಪೊಸ್ತಲರಲ್ಲಿ ಹೆಸರಾಂತ ಪುರುಷರು' ಆಗುತ್ತಾರೆ (ಅಪೊಸ್ತಲರೆಂದರೆ ಯೇಸುವಿನ ಸಂದೇಶ ಸಾರಲು ಕಳುಹಿಸಲ್ಪಟ್ಟ ಆದಿ ಸಭೆಯ ಮುಖಂಡರು). ಅದೇ ಸಾಲಿನ 1989ರ ಪರಿಷ್ಕರಣೆಯಲ್ಲಿ ಆಕೆ ಮತ್ತೆ ಜೂನಿಯಾ. ಕಾಲ ಮುಂದೆ ಸಾಗಿದಂತೆ ಅನುವಾದ ಸುಮ್ಮನೆ ಉತ್ತಮವಾಗುತ್ತ ಹೋಗುತ್ತದೆ ಎಂದು ನಂಬಿರುವವರಿಗೆ ಈ ಮೂರು ವರ್ಷಗಳು ಒಳ್ಳೆಯ ಪಾಠ.

ಅದೇ ಅಧ್ಯಾಯದ ಮೊದಲ ಎರಡು ವಚನಗಳಲ್ಲಿ ಫೊಯಿಬೆ ಎಂಬ ಸ್ತ್ರೀಯನ್ನು ಪೌಲನು ಕೆಂಖ್ರೆ ಊರಿನ ಕ್ರೈಸ್ತ ಸಭೆಯ 'ದಿಯಾಕೊನೊಸ್' ಎನ್ನುತ್ತಾನೆ. ಇದನ್ನು ಸೇವಕಿ ಎಂದೂ ಅನುವಾದಿಸಬಹುದು, ಸಭೆಯ ಅಧಿಕೃತ ಹೊಣೆ ಹೊತ್ತವಳು ಎಂದೂ ಅನುವಾದಿಸಬಹುದು. ನೀವು ಮಾಡಬೇಕಾದದ್ದು ಇಷ್ಟೇ: ಪೌಲನು ಅದೇ ಪದವನ್ನು ಗಂಡಸರ ಬಗ್ಗೆ, ಉದಾಹರಣೆಗೆ 1 ಕೊರಿಂಥ 3:5ರಲ್ಲಿ ತನ್ನ ಮತ್ತು ಅಪೊಲ್ಲೋಸನ ಬಗ್ಗೆ ಬಳಸಿದಾಗ ಅನುವಾದಕರು ಯಾವ ಪದ ಹಾಕಿದ್ದಾರೆ ಎಂದು ನೋಡುವುದು. ಗಂಡಸಿಗೆ ಒಂದು ಪದ, ಹೆಂಗಸಿಗೆ ಇನ್ನೊಂದು ಪದ ಬಂದಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಅಲ್ಲಿಗೇ ತೀರ್ಪು ಕೊಡಬೇಡಿ. ಸಂದರ್ಭ ಬೇರೆಯಾದಾಗ ಪದವೂ ಬೇರೆಯಾಗಲು ನ್ಯಾಯವಾದ ಕಾರಣವಿರಬಹುದು.

ಮೂರನೆಯ ಹಂತ: ಹಸ್ತಪ್ರತಿಗಳ ಬಳಿಗೆ

ಹಳಗನ್ನಡ ಕಾವ್ಯಗಳ ಅಚ್ಚಿನ ಪುಟದ ಅಡಿಯಲ್ಲಿ ಪಾಠಾಂತರಗಳನ್ನು ಕಂಡವರಿಗೆ ಈ ಹಂತ ಅಪರಿಚಿತವಲ್ಲ. ಬೈಬಲಿನ ಯಾವ ಗ್ರಂಥದ ಮೂಲ ಸ್ವಹಸ್ತಪ್ರತಿಯೂ ಉಳಿದಿಲ್ಲ. ಉಳಿದಿರುವುದು ಪ್ರತಿಗಳ ಪ್ರತಿಗಳು, ಮತ್ತು ಅವುಗಳನ್ನು ಹೋಲಿಸಿ ಪಾಠ ನಿರ್ಣಯಿಸಿದ ಸಂಪಾದಕರ ಆವೃತ್ತಿಗಳು. ಹೊಸ ಒಡಂಬಡಿಕೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ನೆಸ್ಲೆ-ಆಲಂಡ್ ಆವೃತ್ತಿ. ಅದರ 28ನೆಯ ಮುದ್ರಣ 2012ರಲ್ಲಿ ಬಂತು. ಹೀಬ್ರೂ ಬೈಬಲಿನ ಪ್ರಮುಖ ವಿದ್ವತ್ ಆವೃತ್ತಿಗಳು 1008ರ ಲೆನಿನ್‌ಗ್ರಾಡ್ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಂಡಿವೆ.

ಭಾಷೆ ಬರುವುದಿಲ್ಲವೆಂದು ಹಿಂಜರಿಯಬೇಡಿ, ಆದರೆ ಬರುತ್ತದೆಂದು ನಟಿಸಲೂಬೇಡಿ. ಗ್ರೀಕ್ ಅಕ್ಷರಗಳನ್ನು ಒಂದು ವಾರದಲ್ಲಿ, ಹೀಬ್ರೂ ಅಕ್ಷರಗಳನ್ನು ಎರಡು ವಾರದಲ್ಲಿ ಕಲಿಯಬಹುದು. ಅಷ್ಟರಿಂದಲೇ ನಿಘಂಟು, ಪದಸೂಚಿ ಮತ್ತು ಸಾಲಿನ ಕೆಳಗೆ ಅರ್ಥ ಕೊಡುವ ಆವೃತ್ತಿಗಳು ಕೈಗೆಟುಕುತ್ತವೆ. ನಾಲ್ಕನೆಯ ಶತಮಾನದ ಗ್ರೀಕ್ ಬೈಬಲಾದ ಸಿನಾಯ್ ಹಸ್ತಪ್ರತಿಯ ಹಾಳೆಗಳು ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದರೂ 2009ರಿಂದ ಅವುಗಳ ಚಿತ್ರಗಳನ್ನು ಅಂತರಜಾಲದಲ್ಲಿ ಒಟ್ಟಿಗೆ ನೋಡಬಹುದು. ಒಮ್ಮೆಯಾದರೂ ನೋಡಿ. ಪದಗಳ ನಡುವೆ ಅಂತರವಿಲ್ಲದೆ, ವಚನಸಂಖ್ಯೆಗಳಿಲ್ಲದೆ, ಸ್ವರಚಿಹ್ನೆಗಳ ಗೊಡವೆಯಿಲ್ಲದೆ ಸಾಲುಗಳು ಹರಿಯುತ್ತವೆ. ನಾವು ಇಂದು ಬಳಸುವ ಅಧ್ಯಾಯ ವಿಭಜನೆ ಹದಿಮೂರನೆಯ ಶತಮಾನದ್ದು. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ಮುದ್ರಕ ರಾಬೆರ್ ಎತಿಯೆನ್ 1551ರಲ್ಲಿ ಹಾಕಿದ.

ಈಗ ಯೂನ್ಯಳ ಅಥವಾ ಯೂನ್ಯನ ಹೆಸರಿಗೆ ಬರೋಣ. ವಾಕ್ಯದಲ್ಲಿ ಆ ಹೆಸರು ಕರ್ಮವಾದ್ದರಿಂದ ದ್ವಿತೀಯಾ ವಿಭಕ್ತಿಯಲ್ಲಿ 'ಇಯೂನಿಯಾನ್' ಎಂದಿದೆ. 'ನಿ' ಎಂಬಲ್ಲಿ ತೀವ್ರಸ್ವರದ ಚಿಹ್ನೆಯಿಟ್ಟರೆ ಅದು 'ಯೂನಿಯಾ' ಎಂಬ ಸ್ತ್ರೀ ಹೆಸರು. ಕೊನೆಯ 'ಯಾ' ಮೇಲೆ ಬಳಸುಸ್ವರದ ಚಿಹ್ನೆಯಿಟ್ಟರೆ 'ಯೂನಿಯಾಸ್' ಎಂಬ ಪುರುಷ ಹೆಸರು. ಹಳೆಯ ದೊಡ್ಡಕ್ಷರದ ಪ್ರತಿಗಳಲ್ಲಿ ಲಿಪಿಕಾರರು ಎರಡನ್ನೂ ಇಟ್ಟಿರಲಿಲ್ಲ. ಒಂಬತ್ತನೆಯ ಶತಮಾನದ ಸುಮಾರಿನಿಂದ ಚಿಕ್ಕಕ್ಷರದ ಪ್ರತಿಗಳಲ್ಲಿ ಚಿಹ್ನೆಗಳನ್ನು ಹಾಕತೊಡಗಿದಾಗ, ಬಹುತೇಕ ಎಲ್ಲರೂ ಹಾಕಿದ್ದು ಸ್ತ್ರೀ ಹೆಸರಿನ ಚಿಹ್ನೆಯನ್ನೇ. ಅದಕ್ಕೂ ಬಹಳ ಹಿಂದೆ, ನಾಲ್ಕನೆಯ ಶತಮಾನದ ಕೊನೆಯಲ್ಲಿ, ಗ್ರೀಕನ್ನೇ ಮಾತೃಭಾಷೆಯಾಗಿ ಆಡುತ್ತಿದ್ದ ಹೆಸರಾಂತ ಕ್ರೈಸ್ತ ಬೋಧಕ ಯೋಹಾನ ಕ್ರಿಸೊಸ್ತೊಮ್ ಆಕೆಯನ್ನು ಹೆಂಗಸೆಂದೇ ಓದಿ, ಅಪೊಸ್ತಲಳೆನಿಸಿಕೊಳ್ಳುವಷ್ಟು ವಿವೇಕ ಆಕೆಗಿತ್ತಲ್ಲ ಎಂದು ಬೆರಗಾಗಿದ್ದ. ರೋಮಿನ ಶಾಸನಗಳಲ್ಲಿ ಮತ್ತು ಬರಹಗಳಲ್ಲಿ ಯೂನಿಯಾ ಎಂಬ ಸ್ತ್ರೀ ಹೆಸರು ಇನ್ನೂರೈವತ್ತಕ್ಕೂ ಹೆಚ್ಚು ಬಾರಿ ಸಿಗುತ್ತದೆ. ಯೂನಿಯಾಸ್ ಎಂಬ ಪುರುಷ ಹೆಸರಿಗೆ ಆ ಕಾಲದ ಖಚಿತವಾದ ಒಂದು ಸಾಕ್ಷ್ಯವೂ ಸಿಕ್ಕಿಲ್ಲ. ಪೌಲನ ಪತ್ರಿಕೆಗಳ ಸುಮಾರು ಕ್ರಿ.ಶ. 200ರ ಹಸ್ತಪ್ರತಿಯಾದ ಪಪೈರಸ್ 46ರಲ್ಲಿ ಇಲ್ಲಿ 'ಯೂಲಿಯಾ' ಎಂಬ ಪಾಠವಿದೆ. ಅದು ಕೈತಪ್ಪಿರಬಹುದು, ಆದರೆ ಅದೂ ಹೆಣ್ಣಿನ ಹೆಸರೇ.

ಇಷ್ಟೆಲ್ಲ ಇದ್ದೂ ನೆಸ್ಲೆ ಆವೃತ್ತಿ 1927ರಲ್ಲಿ ಪುರುಷ ಹೆಸರಿನ ಚಿಹ್ನೆಗೆ ಬದಲಾಯಿಸಿತು. ಹಾಗೆ ಬದಲಾಯಿಸಲು ಹೊಸ ಹಸ್ತಪ್ರತಿ ಯಾವುದೂ ಸಿಕ್ಕಿರಲಿಲ್ಲ. 1998ರ ಮರುಮುದ್ರಣದಲ್ಲಿ ಅದು ಸ್ತ್ರೀ ಹೆಸರಿಗೆ ಮರಳಿತು. ಎಪ್ಪತ್ತು ವರ್ಷಗಳ ಕಾಲ ಗ್ರೀಕ್ ಮೂಲವನ್ನೇ ಓದುತ್ತೇವೆಂದು ಹೆಮ್ಮೆಪಟ್ಟವರೂ ಸಂಪಾದಕರ ಊಹೆಯನ್ನು ಓದುತ್ತಿದ್ದರು.

ಹಳೆಯ ಒಡಂಬಡಿಕೆಯಲ್ಲಿ ಕೈ ಪಳಗಿಸಿಕೊಳ್ಳಬೇಕೆನ್ನುವವರು, ದಾವೀದನು ಕೊಂದನೆಂದು ಹೆಸರಾದ ದೈತ್ಯ ಗೊಲ್ಯಾತನನ್ನು ಅಳೆಯಬಹುದು. 1 ಸಮುವೇಲ 17:4ರ ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಅವನ ಎತ್ತರ ಆರು ಮೊಳ ಒಂದು ಗೇಣು, ಎಂದರೆ ಮೂರು ಮೀಟರಿನ ಹತ್ತಿರ. ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟಿನ ಮುಖ್ಯ ಹಸ್ತಪ್ರತಿಗಳಲ್ಲೂ, ಮೃತ ಸಮುದ್ರದ ಬಳಿಯ ಕುಮ್ರಾನಿನ ನಾಲ್ಕನೆಯ ಗವಿಯಲ್ಲಿ ಸಿಕ್ಕ ಹೀಬ್ರೂ ಸುರುಳಿಯಲ್ಲೂ ಅದು ನಾಲ್ಕು ಮೊಳ ಒಂದು ಗೇಣು, ಎಂದರೆ ಸುಮಾರು ಎರಡು ಮೀಟರು. ಆಮೇಲೆ 2 ಸಮುವೇಲ 21:19ನ್ನು ತೆರೆದು, ಅಲ್ಲಿ ಗೊಲ್ಯಾತನನ್ನು ಕೊಂದವನ ಹೆಸರೇನೆಂದು ನೋಡಿ. ಅದನ್ನು 1 ಪೂರ್ವಕಾಲವೃತ್ತಾಂತ 20:5ರೊಡನೆ ಹೋಲಿಸಿದರೆ ಒಂದು ಸಂಜೆ ಕಳೆದದ್ದೇ ತಿಳಿಯುವುದಿಲ್ಲ.

ನಾಲ್ಕನೆಯ ಹಂತ: ಬರೆದ ಕಾಲ, ಬರೆದ ಕೈ

ಇದನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಪೀಠಿಕಾ ಗ್ರಂಥಗಳು ಇದನ್ನು ವಿಸ್ತಾರವಾಗಿ ಕೊಡುತ್ತವೆ. ಬರಹದ ಪ್ರಕಾರ, ಕಾಲ, ಸ್ಥಳ, ಮೊದಲ ಓದುಗರು ಇವುಗಳನ್ನು ಗೊತ್ತುಮಾಡಿಕೊಳ್ಳಿ. ರೋಮಾಪುರದವರಿಗೆ ಬರೆದದ್ದು ಪತ್ರ, ಕ್ರಿ.ಶ. 50ರ ದಶಕದ ಉತ್ತರಾರ್ಧದಲ್ಲಿ, ಬಹುಮಟ್ಟಿಗೆ ಕೊರಿಂಥದಿಂದ ಹೋದದ್ದು. ಪೌಲನದೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಏಳು ಪತ್ರಿಕೆಗಳಲ್ಲಿ ಒಂದು. ಆದರೂ ಹದಿನಾರನೆಯ ಅಧ್ಯಾಯ ಮೊದಲಿನಿಂದಲೂ ಈ ಪತ್ರದಲ್ಲೇ ಇತ್ತೇ ಎಂಬ ಚರ್ಚೆ ನಡೆದಿದೆ. ಪಪೈರಸ್ 46 ಪತ್ರಿಕೆಯ ಕೊನೆಯ ಸ್ತೋತ್ರವನ್ನು ಹದಿನೈದನೆಯ ಅಧ್ಯಾಯದ ಮುಗಿತಾಯಕ್ಕೇ ಇಡುತ್ತದೆ, ಹಾಗಾದರೆ ಪತ್ರ ಒಮ್ಮೆ ಅಲ್ಲಿಗೇ ಮುಗಿಯುತ್ತಿತ್ತೇ ಎಂಬ ಅನುಮಾನ ಬರುತ್ತದೆ.

ಇಲ್ಲೊಂದು ಮಾತು. 'ಪೌಲನು ಬರೆದನು' ಎಂದು ನಾವು ಹೇಳುತ್ತಲೇ ಇರುತ್ತೇವೆ, ಆದರೆ 16:22ರಲ್ಲಿ ತೆರ್ತ್ಯನೆಂಬವನು ಈ ಪತ್ರವನ್ನು ಬರೆದವನು ನಾನು ಎಂದು ತಾನಾಗಿಯೇ ಹೇಳಿಕೊಳ್ಳುತ್ತಾನೆ. ಹೇಳಿದವನು ಒಬ್ಬ, ಬರೆದುಕೊಂಡವನು ಒಬ್ಬ, ಅದನ್ನು ರೋಮಿಗೆ ಒಯ್ದವಳು ಬಹುಶಃ ಫೊಯಿಬೆ. ಬೈಬಲ್ ಅಧ್ಯಯನದಲ್ಲಿ ಯಾರು ಯಾರು ಪಾಲ್ಗೊಳ್ಳುತ್ತಾರೆ ಎಂಬ ಲೆಕ್ಕವನ್ನು ತೆಗೆಯುವವರು ಇಲ್ಲಿಂದಲೇ ಎಣಿಸಬೇಕು.

ಐದನೆಯ ಹಂತ: ವಿದ್ವಾಂಸರ ಮಾತುಕತೆಯೊಳಗೆ ಹೋಗುವುದು

ವ್ಯಾಖ್ಯಾನಗಳನ್ನು ಈಗ ತೆರೆಯಿರಿ, ಇದಕ್ಕಿಂತ ಮೊದಲಲ್ಲ. ತೆರೆದಾಗ ಕಾಲಕ್ರಮದಲ್ಲಿ ಓದಿ. ಒಬ್ಬರ ವಾದವನ್ನು ಅವರು ಯಾರಿಗೆ ಉತ್ತರವಾಗಿ ಬರೆದರು ಎಂಬುದು ತಿಳಿಯದೆ ತೂಗಲಾಗದು. ನಾನು ಪ್ರತಿ ವಿಷಯಕ್ಕೂ ಟಿಪ್ಪಣಿ ಪುಸ್ತಕದಲ್ಲಿ ಒಂದು ಹಾಳೆ ಇಟ್ಟು, ಹೇಳಿಕೆ, ಹೇಳಿದವರು, ವರ್ಷ, ಕೊಟ್ಟ ಸಾಕ್ಷ್ಯ, ಯಾರಿಗೆ ಉತ್ತರ ಎಂದು ಐದು ಅಂಕಣಗಳನ್ನು ಎಳೆಯುತ್ತೇನೆ. ಯೂನ್ಯಳ ಹಾಳೆಯ ಕೆಳಭಾಗ ಹೀಗಿದೆ.

1977, ಬರ್ನಡೆಟ್ ಬ್ರೂಟನ್: ಯೂನಿಯಾಸ್ ಎಂಬ ಪುರುಷ ಹೆಸರಿಗೆ ಆಧಾರವೇ ಇಲ್ಲ, ಪ್ರಾಚೀನ ವ್ಯಾಖ್ಯಾನಕಾರರು ಹೆಣ್ಣೆಂದೇ ಓದಿದ್ದರು. ಉತ್ತರ ಯಾರಿಗೆ: ಹೆಂಗಸರಿಗೆ ಯಾಜಕ ದೀಕ್ಷೆ ಸಲ್ಲದೆಂದ 1976ರ ವ್ಯಾಟಿಕನ್ ಪ್ರಕಟಣೆಗೆ. 2001, ಮೈಕೆಲ್ ಬ್ಯುರರ್ ಮತ್ತು ಡೇನಿಯಲ್ ವ್ಯಾಲೇಸ್: ಹೆಣ್ಣೆಂಬುದನ್ನು ಒಪ್ಪಬಹುದು, ಆದರೆ ಗ್ರೀಕ್ ಪದಪುಂಜದ ಅರ್ಥ 'ಅಪೊಸ್ತಲರ ಪೈಕಿ ಪ್ರಮುಖರು' ಎಂದಲ್ಲ, 'ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವರು' ಎಂದು, ಸಾಕ್ಷ್ಯ, ಅಂಥದೇ ರಚನೆಯಿರುವ ಇತರ ಗ್ರೀಕ್ ವಾಕ್ಯಗಳು. 2005, ಎಲ್ಡನ್ ಎಪ್: ಅದೇ ವಾಕ್ಯಗಳನ್ನು ಮತ್ತೆ ಪರೀಕ್ಷಿಸಿ, ಆಕೆ ಅಪೊಸ್ತಲಳೇ ಎಂಬ ತೀರ್ಮಾನ, ಜೊತೆಗೆ 1927ರ ಬದಲಾವಣೆಯ ಪೂರ್ಣ ಇತಿಹಾಸ.

ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಚರ್ಚೆ ಎಲ್ಲಿ ಸರಿದಿದೆ ಎಂಬುದು ಕಾಣುತ್ತದೆ. ಅದು ಹೆಸರಿನ ಲಿಂಗವನ್ನು ಬಿಟ್ಟು 'ಎನ್' ಎಂಬ ಒಂದು ಪುಟ್ಟ ಗ್ರೀಕ್ ಅವ್ಯಯಕ್ಕೆ ಬಂದು ನಿಂತಿದೆ. ಸ್ವಾರಸ್ಯವೆಂದರೆ, ಪ್ರತ್ಯಯದಲ್ಲಿ ನಮ್ಮನ್ನು ಕಟ್ಟಿಹಾಕಿದ ಕನ್ನಡ ಇಲ್ಲಿ ಬಿಡುವು ಕೊಡುತ್ತದೆ. 'ಅಪೊಸ್ತಲರಲ್ಲಿ ಪ್ರಸಿದ್ಧರು' ಎಂದರೆ ಅವರೂ ಅಪೊಸ್ತಲರೇ ಎಂದೂ ಆಗಬಹುದು, ಅಪೊಸ್ತಲರ ನಡುವೆ ಅವರ ಹೆಸರು ಓಡಾಡುತ್ತಿತ್ತು ಎಂದೂ ಆಗಬಹುದು. ಸಪ್ತಮೀ ವಿಭಕ್ತಿ ಗ್ರೀಕಿನ ಸಂದಿಗ್ಧವನ್ನು ಹಾಗೆಯೇ ಉಳಿಸಿಕೊಡುತ್ತದೆ. ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ವ್ಯಾಖ್ಯಾನಗಳ ತಕರಾರನ್ನು ಹಾಗೆಯೇ ಎತ್ತಿ ತರುವ ಮೊದಲು ತಮ್ಮ ಭಾಷೆಯಲ್ಲಿ ಆ ತಕರಾರು ಹುಟ್ಟುತ್ತದೆಯೇ ಎಂದು ನೋಡಿಕೊಳ್ಳಬೇಕು.

ಆರನೆಯ ಹಂತ: ಕೋಣೆಯಲ್ಲಿ ಯಾರಿದ್ದಾರೆ ಎಂದು ಎಣಿಸುವುದು

ಆಧುನಿಕ ಬೈಬಲ್ ವಿಮರ್ಶೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕೆಲವು ಹೆಸರುಗಳ ಮೆಟ್ಟಿಲಾಗಿ ಹೇಳುತ್ತಾರೆ: 1670ರಲ್ಲಿ ಸ್ಪಿನೋಜ, 1678ರಲ್ಲಿ ರಿಷಾರ್ ಸಿಮೋನ್, 1753ರಲ್ಲಿ ಆಸ್ಟ್ರಕ್, 1878ರಲ್ಲಿ ವೆಲ್‌ಹೌಸೆನ್. ಈ ಮೆಟ್ಟಿಲಿನ ಮೇಲೇ ವಿಚಿತ್ರ ಬೆರಕೆಯಿದೆ. ಸ್ಪಿನೋಜ ಯಹೂದಿ ಸಮುದಾಯದಿಂದ ಬಹಿಷ್ಕೃತನಾದವನು, ಸಿಮೋನ್ ಕ್ಯಾಥೊಲಿಕ್ ಪಾದ್ರಿ, ಆಸ್ಟ್ರಕ್ ವೈದ್ಯ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಮಾತ್ರ ಈ ಶಿಸ್ತು ಬಹುಪಾಲು ಜರ್ಮನ್ ಪ್ರೊಟೆಸ್ಟೆಂಟ್ ಪ್ರಾಧ್ಯಾಪಕರ ಮನೆಯಂತಾಯಿತು, ಮತ್ತು ಆ ಮನೆಯ ರುಚಿಗಳು ತೀರ್ಮಾನಗಳೊಳಗೆ ಸೇರಿಕೊಂಡವು. ಯಾಜಕರು, ಬಲಿ, ಧರ್ಮಶಾಸ್ತ್ರ ಇವೆಲ್ಲ ಪ್ರವಾದಿಗಳ ನಂತರದ ಅವನತಿ ಎಂಬ ವೆಲ್‌ಹೌಸೆನ್‌ನ ಚಿತ್ರಣದಲ್ಲಿ ಯಹೂದಿ ಧರ್ಮದ ಬಗೆಗಿನ ತಾತ್ಸಾರ ಎಷ್ಟಿದೆ ಎಂದು ಯಹೂದಿ ವಿದ್ವಾಂಸರು ಕೇಳಿದರು. ಸಾಲೊಮನ್ ಶೆಕ್ಟರ್ 1903ರ ಭಾಷಣವೊಂದರಲ್ಲಿ 'ಉನ್ನತ ವಿಮರ್ಶೆ' ಎನಿಸಿಕೊಂಡಿದ್ದ ಆ ವಿಧಾನವನ್ನು ಉನ್ನತ ಯಹೂದಿದ್ವೇಷವೆಂದೇ ಕರೆದ. ಮೋಶೆಯ ಹೆಸರಿನಲ್ಲಿರುವ ಗ್ರಂಥಗಳನ್ನು ಬೇರೆಬೇರೆ ಆಕರಗಳಾಗಿ ಬಿಡಿಸಿ ವೆಲ್‌ಹೌಸೆನ್ ಮಾಡಿದ ವಿಂಗಡಣೆ ಇದರಿಂದ ಸುಳ್ಳಾಗುವುದಿಲ್ಲ. ಅದರ ಮೇಲೆ ಕಟ್ಟಿದ ಮೌಲ್ಯದ ಗೋಪುರವನ್ನು ಮಾತ್ರ ಬೇರೆಯಾಗಿ ತೂಗಬೇಕಾಗುತ್ತದೆ.

ಕುಮ್ರಾನ್ ಸುರುಳಿಗಳ ಕಥೆ ಇನ್ನೂ ನೇರವಾದದ್ದು. 1946-47ರ ಚಳಿಗಾಲದಲ್ಲಿ ಮೊದಲ ಸುರುಳಿಗಳನ್ನು ಕಂಡವರು ಬೆದೂಯಿನ್ ಕುರಿಗಾಹಿಗಳು. 1950ರ ದಶಕದಲ್ಲಿ ತುಣುಕುಗಳನ್ನು ಜೋಡಿಸಲು ಕೂತ ಅಂತರರಾಷ್ಟ್ರೀಯ ತಂಡದಲ್ಲಿ ಒಬ್ಬ ಯಹೂದಿ ವಿದ್ವಾಂಸನೂ ಇರಲಿಲ್ಲ. ತುಣುಕುಗಳು ಮಾತ್ರ ಯಹೂದಿ ಬರಹಗಳೇ. ದಶಕಗಳ ಕಾಲ ಬಹಳಷ್ಟು ತುಣುಕುಗಳು ಕೆಲವರ ಕೈಯಲ್ಲೇ ಉಳಿದವು. 1990ರಲ್ಲಿ ಇಮ್ಯಾನುಯೆಲ್ ಟೋವ್ ಪ್ರಧಾನ ಸಂಪಾದಕರಾಗಿ ತಂಡ ಹಿಗ್ಗಿತು, 1991ರಲ್ಲಿ ಛಾಯಾಚಿತ್ರಗಳು ಎಲ್ಲರಿಗೂ ತೆರೆದವು. ಬಾಗಿಲು ತೆರೆದ ಮೇಲೆ ಆ ಸುರುಳಿಗಳ ಬಗ್ಗೆ ಕೇಳುವ ಪ್ರಶ್ನೆಗಳೂ ಬದಲಾದವು. ಕ್ರೈಸ್ತ ಮತದ ಹುಟ್ಟಿನ ಸುಳಿವುಗಳನ್ನು ಹುಡುಕುತ್ತಿದ್ದಲ್ಲಿ ಈಗ ಶುದ್ಧಿ, ಪಂಚಾಂಗ, ಧರ್ಮಶಾಸ್ತ್ರದ ವಿವಾದಗಳು ಮುಂದೆ ಬಂದವು.

ಪದವಿಯಿಲ್ಲದವರ ಪಾಲನ್ನೂ ಎಣಿಸಿ. 1892ರಲ್ಲಿ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಆಗ್ನೆಸ್ ಸ್ಮಿತ್ ಲೂಯಿಸ್ ಸಿರಿಯಾಕ್ ಎಂಬ ಅರಾಮಿಕ್ ಉಪಭಾಷೆಯ ಒಂದು ಹಳೆಯ ಹಸ್ತಪ್ರತಿಯನ್ನು ಪುಟಪುಟವಾಗಿ ಛಾಯಾಚಿತ್ರ ತೆಗೆದಳು. ಜೊತೆಗಿದ್ದವಳು ಅವಳ ಅವಳಿ ಸೋದರಿ ಮಾರ್ಗರೆಟ್ ಡನ್‌ಲಪ್ ಗಿಬ್ಸನ್. ಮೇಲಿನ ಬರಹ ಸಂತ ಸ್ತ್ರೀಯರ ಚರಿತ್ರೆಗಳು; ಅದಕ್ಕಾಗಿ ಕೆರೆದು ಅಳಿಸಿದ್ದ ಕೆಳಗಿನ ಬರಹ ನಾಲ್ಕು ಸುವಾರ್ತೆಗಳ ಅತಿ ಹಳೆಯ ಸಿರಿಯಾಕ್ ಅನುವಾದಗಳಲ್ಲಿ ಒಂದು. ಅವರು ವಾಸವಾಗಿದ್ದ ಕೇಂಬ್ರಿಜ್‌ನ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡಲಾರಂಭಿಸಿದ್ದು 1948ರಲ್ಲಿ, ಸೋದರಿಯರಿಬ್ಬರೂ ತೀರಿಕೊಂಡು ಎರಡು ದಶಕಗಳಾದ ಮೇಲೆ.

1880ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬೈಬಲ್ ಸಾಹಿತ್ಯ ಸಂಘ ಈ ಕ್ಷೇತ್ರದ ದೊಡ್ಡ ವಿದ್ವತ್ ಸಂಸ್ಥೆ. ಅದಕ್ಕೆ ಮೊದಲ ಮಹಿಳಾ ಸದಸ್ಯೆ ಬಂದದ್ದು 1894ರಲ್ಲಿ, ಮೊದಲ ಮಹಿಳಾ ಅಧ್ಯಕ್ಷೆಯಾಗಿ ಎಲಿಜಬೆತ್ ಶೂಸ್ಲರ್ ಫಿಯೊರೆಂಜ ಬಂದದ್ದು 1987ರಲ್ಲಿ. ಪಠ್ಯ ಹಿಂದೆ ಏನು ಹೇಳುತ್ತಿತ್ತು ಎಂಬುದಕ್ಕೆ ಮಾತ್ರವಲ್ಲ, ತಮ್ಮ ವ್ಯಾಖ್ಯಾನ ಇಂದು ಯಾರ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದಕ್ಕೂ ವಿದ್ವಾಂಸರು ಹೊಣೆ ಎಂದು ಆಕೆ ಅಧ್ಯಕ್ಷ ಭಾಷಣದಲ್ಲಿ ವಾದಿಸಿದರು. 1989ರಲ್ಲಿ ಓಸೇಜ್ ಮೂಲನಿವಾಸಿ ಸಮುದಾಯದ ರಾಬರ್ಟ್ ಆಲನ್ ವಾರಿಯರ್ ವಿಮೋಚನಕಾಂಡದ ಕಥೆಯನ್ನು ಕಾನಾನ್ಯರ ಕಡೆಯಿಂದ ಓದಿ, ಬಿಡುಗಡೆ ಹೊಂದಿದವರು ಹೋಗಿ ಸೇರಿದ ನಾಡಿನಲ್ಲಿ ಮೊದಲೇ ಜನರಿದ್ದರಲ್ಲ ಎಂದು ಕೇಳಿದರು. ಬೋಟ್ಸ್ವಾನದ ಮೂಸಾ ದುಬೆ, ಶ್ರೀಲಂಕಾ ಮೂಲದ ಆರ್. ಎಸ್. ಸುಗಿರ್ತರಾಜ ಮುಂತಾದವರು, ಬೈಬಲ್ ವಸಾಹತುಶಾಹಿಯ ಹಡಗಿನಲ್ಲಿ ಬಂದಿಳಿದ ನಾಡುಗಳಿಂದ ಮಾತಾಡಿದರು. ಅಮಿ-ಜಿಲ್ ಲೆವೀನ್ ಯಹೂದಿಯಾಗಿದ್ದುಕೊಂಡೇ ಹೊಸ ಒಡಂಬಡಿಕೆಯ ಪರಿಣತೆಯಾದರು. ಯೇಸುವಿನ ಕಾಲದ ಯಹೂದಿ ಪಂಥವಾದ ಫರಿಸಾಯರೆಂದರೆ ಕಪಟಿಗಳೆಂದೇ ಬರೆಯುತ್ತಿದ್ದವರು ಆಮೇಲೆ ಎರಡು ಬಾರಿ ಯೋಚಿಸಬೇಕಾಯಿತು.

ಈ ಎಣಿಕೆಗೊಂದು ಅಪಾಯವಿದೆ. ಬ್ಯುರರ್ ಮತ್ತು ವ್ಯಾಲೇಸ್ ಸಂಪ್ರದಾಯನಿಷ್ಠ ಪ್ರೊಟೆಸ್ಟೆಂಟರ ಇವಾಂಜೆಲಿಕಲ್ ವಲಯದವರಾದ್ದರಿಂದ ಹಾಗೆ ಹೇಳಿದರು, ಬ್ರೂಟನ್ ಸ್ತ್ರೀವಾದಿಯಾದ್ದರಿಂದ ಹೀಗೆ ಹೇಳಿದರು ಎಂದು ಹಾಳೆ ಮಡಚಿದರೆ ಅದು ಅಧ್ಯಯನವಲ್ಲ, ಸೋಮಾರಿತನ. ಹೇಳಿದವರು ಯಾರೆಂಬುದು ಆ ಪ್ರಶ್ನೆ ಆಗಲೇ ಏಕೆ ಹುಟ್ಟಿತು, ಅದಕ್ಕಿಂತ ಮೊದಲು ಏಕೆ ಹುಟ್ಟಲಿಲ್ಲ ಎಂಬುದನ್ನು ವಿವರಿಸುತ್ತದೆ. ಉತ್ತರ ಸರಿಯೇ ಎಂಬುದನ್ನು ಅವರು ಮುಂದಿಟ್ಟ ಗ್ರೀಕ್ ವಾಕ್ಯಗಳೇ ತೀರ್ಮಾನಿಸಬೇಕು. ಬ್ಯುರರ್ ಮತ್ತು ವ್ಯಾಲೇಸರ ವಾದ ನನಗೆ ಒಪ್ಪಿಗೆಯಾಗಿಲ್ಲ. ಕಾರಣ ಅವರ ವಲಯವಲ್ಲ. ಗ್ರೀಕನ್ನೇ ಆಡುತ್ತಿದ್ದ ಕ್ರಿಸೊಸ್ತೊಮ್, ಸ್ತ್ರೀಯರ ಪರವಾಗಿ ವಾದ ಹೂಡುವ ಯಾವ ಗರಜೂ ಇಲ್ಲದವನು, ಆ ಸಾಲನ್ನು ಬೇರೆ ರೀತಿ ಓದಿದ್ದಾನೆ.

ಏಳನೆಯ ಹಂತ: ಬರೆಯುವಾಗ

ಬರವಣಿಗೆಯಲ್ಲಿ ನಿಶ್ಚಿತತೆಯ ಮಟ್ಟ ಕಾಣುವಂತಿರಲಿ. 'ಖಚಿತ', 'ಸಂಭವನೀಯ', 'ಸಾಧ್ಯ' ಎಂಬ ಮೂರು ಮಾತುಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸಿ, ಲೇಖನದುದ್ದಕ್ಕೂ ಅದೇ ಅರ್ಥದಲ್ಲಿ ಬಳಸಿ. 'ವಿದ್ವಾಂಸರ ಪ್ರಕಾರ' ಎಂದು ಬರೆಯುವ ಕೈಯನ್ನು ತಡೆದು, ಯಾವ ವಿದ್ವಾಂಸರು, ಯಾವ ವರ್ಷ ಎಂದು ಕೇಳಿಕೊಳ್ಳಿ. ಹಿಂದೊಮ್ಮೆ ನಾನೇ ಒಂದು ದಪ್ಪ ವ್ಯಾಖ್ಯಾನವನ್ನು ನಂಬಿ 'ಎಲ್ಲರೂ ಒಪ್ಪಿದಂತೆ ಯೂನಿಯಾಸ್' ಎಂದು ಬರೆದಿದ್ದೆ. ಆ 'ಎಲ್ಲರೂ' ಒಬ್ಬರಿಂದೊಬ್ಬರು ನಕಲು ಮಾಡಿದವರೆಂದು ಆಮೇಲೆ ತಿಳಿಯಿತು.

ಹೆಸರುಗಳ ಬಗ್ಗೆ ಎಚ್ಚರ ಬೇಕು. 'ಹಳೆಯ ಒಡಂಬಡಿಕೆ' ಕ್ರೈಸ್ತರ ಹೆಸರು. ಯಹೂದ್ಯರು ತಮ್ಮ ಗ್ರಂಥವನ್ನು ತನಖ್ ಎನ್ನುತ್ತಾರೆ. 'ಹೀಬ್ರೂ ಬೈಬಲ್' ಎಂಬುದು ಈ ಶಿಸ್ತು ಬಳಸುವ ನಡುವಿನ ಹೆಸರು, ಅದರ ಕೆಲವು ಭಾಗಗಳು ಅರಾಮಿಕ್‌ನಲ್ಲಿದ್ದರೂ ಕೂಡ. ಯಾವುದನ್ನು ಬಳಸಿದರೂ ತಿಳಿದು ಬಳಸಿ. ಯೋಹಾನನ ಸುವಾರ್ತೆಯ 'ಯಹೂದ್ಯರು' ಎಂಬ ಪದವನ್ನು ಇಡೀ ಒಂದು ಜನಾಂಗದ ಮೇಲೆ, ಅದರಲ್ಲೂ ಇಂದಿನವರ ಮೇಲೆ ಹೊರಿಸುವ ವಾಕ್ಯಗಳನ್ನು ಬರೆಯಬೇಡಿ. ಆ ಹೊರೆಯ ಪರಿಣಾಮ ಚರಿತ್ರೆಯಲ್ಲಿ ರಕ್ತವಾಗಿ ಹರಿದಿದೆ.

ಉಲ್ಲೇಖಿಸುವಾಗ ಯಾವ ಅನುವಾದ ಎಂಬುದನ್ನು ಹೇಳಿ. ವಚನಸಂಖ್ಯೆ ಎಲ್ಲೆಡೆ ಒಂದೇ ಎಂದು ಭಾವಿಸಬೇಡಿ: ಹೀಬ್ರೂ ಎಣಿಕೆಯ 23ನೆಯ ಕೀರ್ತನೆ ಗ್ರೀಕ್ ಎಣಿಕೆಯಲ್ಲಿ 22, ಮಲಾಕಿಯ ಗ್ರಂಥಕ್ಕೆ ಹೀಬ್ರೂ ಮುದ್ರಣಗಳಲ್ಲಿ ಮೂರು ಅಧ್ಯಾಯ, ಪ್ರೊಟೆಸ್ಟೆಂಟ್ ಅನುವಾದಗಳಲ್ಲಿ ನಾಲ್ಕು.

ಎಂಟನೆಯ ಹಂತ: ಬೇರೆ ಮನೆಯವರಿಗೆ ಓದಿಸುವುದು, ತಿದ್ದುವುದು

ಬರೆದದ್ದನ್ನು ಪ್ರಕಟಿಸುವ ಮೊದಲು ನಿಮ್ಮ ವಲಯದ ಹೊರಗಿನ ಒಬ್ಬರಿಗಾದರೂ ಕೊಡಿ. ನೀವು ಸಭೆಯವರಾದರೆ ನಂಬದವರೊಬ್ಬರಿಗೆ, ನಂಬದವರಾದರೆ ಸಭೆಯಲ್ಲಿ ದಿನವೂ ಬೈಬಲ್ ಓದುವವರಿಗೆ. ಅವರಿಂದ ಒಪ್ಪಿಗೆ ಬೇಕಿಲ್ಲ. ನೀವು ಗೊತ್ತಿದೆ ಎಂದುಕೊಂಡು ದಾಟಿಹೋದ ಕಡೆ ಅವರು ನಿಲ್ಲುತ್ತಾರೆ, ಅಷ್ಟು ಸಾಕು. ತಪ್ಪು ಸಿಕ್ಕಿದರೆ ಸದ್ದಿಲ್ಲದೆ ಅಳಿಸಬೇಡಿ. ದಿನಾಂಕ ಹಾಕಿ, ಮೊದಲು ಏನಿತ್ತು, ಈಗ ಏನು, ಏಕೆ ಎಂದು ಕೆಳಗೆ ಬರೆಯಿರಿ.

ಮುಂದಿನ ಅಭ್ಯಾಸಕ್ಕೆ ಬೇರೆ ಗ್ರಂಥಕ್ಕೆ ಹೋಗುವ ಅಗತ್ಯವಿಲ್ಲ. ಅದೇ ಹದಿನಾರನೆಯ ಅಧ್ಯಾಯದಲ್ಲಿ ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ ಎಂಬ ನಾಲ್ವರು ಸ್ತ್ರೀಯರು ಪ್ರಯಾಸಪಟ್ಟರೆಂದು ಪೌಲನು ಒಂದೇ ಕ್ರಿಯಾಪದವನ್ನು ಮತ್ತೆ ಮತ್ತೆ ಬಳಸುತ್ತಾನೆ. ಅದೇ ಕ್ರಿಯಾಪದವನ್ನು ಅವನು ತನ್ನ ಸ್ವಂತ ಸೇವೆಗೆ ಎಲ್ಲಿ ಬಳಸಿದ್ದಾನೆಂದು ಪದಸೂಚಿಯಲ್ಲಿ ಹುಡುಕಿ. 1 ಕೊರಿಂಥ 15:10ರಿಂದ ಆರಂಭಿಸಬಹುದು. ಆಮೇಲೆ 13ನೆಯ ಮತ್ತು 15ನೆಯ ವಚನಗಳಿಗೆ ಬಂದು, ರೂಫನ ತಾಯಿಗೂ ನೇರ್ಯನ ತಂಗಿಗೂ ಒಂದು ಹಾಳೆ ತೆರೆಯಿರಿ. ಹೆಸರಿನ ಅಂಕಣ ಖಾಲಿ ಉಳಿಯುತ್ತದೆ. ಅದನ್ನು ಖಾಲಿಯೇ ಬಿಡಿ.